ಜಿಆರ್‌ಇ, ಜಿಮ್ಯಾಟ್: ಯಾವ ಗೈಡ್ ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಓದಬೇಕು

"ಮಾಸ್ಟರ್ಸ್‌ಗೆ ಅರ್ಜಿ ಹಾಕಬೇಕು ಅಂತಿದ್ದೀನಿ, ಯಾವ ಪುಸ್ತಕ ಒಳ್ಳೆಯದು?" ಮಾಸ್ಟರ್ಸ್ ಪ್ರವೇಶಕ್ಕೆ ಬರೆಯುವ ಜಿಆರ್‌ಇಗೋ, ಎಂಬಿಎಯಂಥ ಮ್ಯಾನೇಜ್‌ಮೆಂಟ್ ಕೋರ್ಸ್‌ಗೆ ಬರೆಯುವ ಜಿಮ್ಯಾಟ್‌ಗೋ ತಯಾರಾಗುತ್ತಾ ಹೀಗೆ ಕೇಳುವವರ ಕೈಯಲ್ಲಿ ಆಗಲೇ ನಾಲ್ಕೈದು ಹೆಸರುಗಳ ಪಟ್ಟಿ ಇರುತ್ತದೆ. ಪರೀಕ್ಷೆ ನಡೆಸುವವರೇ ಹೊರತಂದ ಅಧಿಕೃತ ಗೈಡ್ ಒಂದು, ಕೋಚಿಂಗ್ ಕಂಪನಿಯ ದಪ್ಪ ಪುಸ್ತಕ ಒಂದು, ಬರೀ ಲೆಕ್ಕಗಳದ್ದು ಇನ್ನೊಂದು, ಪದಪಟ್ಟಿಯ ಆ್ಯಪ್, ತಿಂಗಳಿಗಿಷ್ಟು ಎಂದು ಚಂದಾ ಕಟ್ಟುವ ಆನ್‌ಲೈನ್ ಕೋರ್ಸ್. ಪ್ರತಿಯೊಂದನ್ನೂ ಹೊಗಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರವರ ಕೊರತೆಗೆ ಅವರವರ ಪುಸ್ತಕ ಹೊಂದಿತ್ತು. ನಿಮ್ಮ ಕೊರತೆ ಯಾವುದೆಂದು ತಿಳಿಯದೆ ಅವರ ಮಾತು ಕೇಳಿ ಕೊಂಡರೆ ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗಾಗುತ್ತದೆ.

ಅದಕ್ಕೇ ನಾನು ಯಾರಿಗೂ ಮೊದಲ ದಿನವೇ ಪುಸ್ತಕದ ಹೆಸರು ಹೇಳುವುದಿಲ್ಲ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಉಚಿತ ಅಭ್ಯಾಸ ಪರೀಕ್ಷೆಗಳನ್ನು ಕೊಡುತ್ತದೆ. ಜಿಮ್ಯಾಟ್ ನಡೆಸುವ ಜಿಮ್ಯಾಕ್ ಕೂಡ ತನ್ನ ತಾಣದಲ್ಲಿ ಹಾಗೇ ಇಟ್ಟಿದೆ. ಒಂದನ್ನು, ಒಂದನ್ನು ಮಾತ್ರ, ಟೈಮರ್ ಹಾಕಿಕೊಂಡು ಮಧ್ಯೆ ಏಳದೆ ಬರೆಯಿರಿ. ತಯಾರಿ ಇಲ್ಲದೆ ಬರೆದರೆ ಸ್ಕೋರ್ ಕೆಟ್ಟದಾಗಿ ಬರುತ್ತದಲ್ಲ ಎಂಬ ಅಳುಕು ಬೇಡ. ಈಗ ನಮಗೆ ಬೇಕಿರುವುದು ಎಲ್ಲಿ ಎಡವಿದಿರಿ ಎಂಬ ಲೆಕ್ಕ.

'ಒಂದನ್ನು ಮಾತ್ರ' ಎಂದು ಒತ್ತಿ ಹೇಳಲು ಕಾರಣವಿದೆ. ನಾನು ತಯಾರಿ ನಡೆಸುವಾಗ ಉತ್ಸಾಹದಲ್ಲಿ ಕೈಯಲ್ಲಿದ್ದ ಅಧಿಕೃತ ಪರೀಕ್ಷೆಗಳನ್ನೆಲ್ಲ ಮೊದಲ ವಾರವೇ ಬರೆದು ಮುಗಿಸಿಬಿಟ್ಟೆ. ಎರಡು ತಿಂಗಳ ನಂತರ ಎಷ್ಟು ಸುಧಾರಿಸಿದ್ದೇನೆ ಎಂದು ನೋಡಲು ಹೊಸದು ಒಂದೂ ಉಳಿದಿರಲಿಲ್ಲ. ಹಳೆಯದನ್ನೇ ಮತ್ತೆ ಬರೆದೆ. ಅರ್ಧ ಉತ್ತರಗಳು ನೆನಪಿನಿಂದಲೇ ಬಂದವು, ಸ್ಕೋರ್ ಮೇಲೇರಿತು, ಅದನ್ನು ನಂಬಿ ಪರೀಕ್ಷೆಗೆ ಹೋದೆ. ನಿಜವಾದ ಸ್ಕೋರ್ ನೋಡಿದಾಗ ಆದ ನೋವು ಇವತ್ತಿಗೂ ನೆನಪಿದೆ.

ಗೈಡ್ ಅಳೆಯುವುದು ಹೇಗೆ

ನಾನು ಯಾವ ಗೈಡನ್ನೇ ಕೈಗೆತ್ತಿಕೊಂಡರೂ ಮೊದಲು ನೋಡುವುದು ಅದರಲ್ಲಿರುವ ಪ್ರಶ್ನೆಗಳು ನಿಜ ಪರೀಕ್ಷೆಯ ಪ್ರಶ್ನೆಗಳ ಹಾಗಿವೆಯೇ ಎಂದು. ಎರಡನೆಯದು ಉತ್ತರದ ವಿವರಣೆ: ಗೊತ್ತಿಲ್ಲದವನಿಗೆ ತಿಳಿಯುವ ಹಾಗೆ ಬರೆದಿದ್ದಾರೆಯೇ? ಮೂರನೆಯದು ಈಗ ನಡೆಯುತ್ತಿರುವ ಪರೀಕ್ಷೆಯ ಸ್ವರೂಪಕ್ಕೆ ಅದು ಹೊಂದುತ್ತದೆಯೇ. ನಾಲ್ಕನೆಯದು ಪರದೆಯ ಮೇಲೆ, ಸಮಯದ ಒತ್ತಡದಲ್ಲಿ ಅಭ್ಯಾಸ ಮಾಡಲು ಅವಕಾಶ ಕೊಡುತ್ತದೆಯೇ. ಕೊನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ನನಗಿರುವ ವಾರಗಳಲ್ಲಿ ಇದು ಮುಗಿಯುತ್ತದೆಯೇ?

ಮೊದಲ ಎರಡೂ ಒಂದೇ ಪುಸ್ತಕದಲ್ಲಿ ಸಿಗುವುದು ಅಪರೂಪ. ಪ್ರಶ್ನೆ ಬರೆದವರ ಪುಸ್ತಕದಲ್ಲಿ ಪ್ರಶ್ನೆಗಳು ಅಚ್ಚುಕಟ್ಟಾಗಿರುತ್ತವೆ, ವಿವರಣೆ ಬಿಗಿಯಾಗಿ, ಗೊತ್ತಿರುವವರಿಗೆ ಬರೆದಂತೆ ಇರುತ್ತದೆ. ಕಲಿಸುವವರ ಪುಸ್ತಕದಲ್ಲಿ ವಿವರಣೆ ಚೆನ್ನಾಗಿರುತ್ತದೆ, ಪ್ರಶ್ನೆಗಳು ಮಾತ್ರ ಒಂದಿಷ್ಟು ಬೇರೆ ದಾರಿ ಹಿಡಿದಿರುತ್ತವೆ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನ ಆಯ್ಕೆ ಅರ್ಧ ಮುಗಿದ ಹಾಗೆ.

ಸ್ವರೂಪದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ಇತ್ತೀಚೆಗೆ ಎಲ್ಲವೂ ಬದಲಾಗಿದೆ. ಜಿಆರ್‌ಇ 2023ರ ಸೆಪ್ಟೆಂಬರ್‌ನಲ್ಲಿ ಮೂರೂ ಮುಕ್ಕಾಲು ಗಂಟೆಯಿಂದ 1 ಗಂಟೆ 58 ನಿಮಿಷಕ್ಕೆ ಇಳಿಯಿತು. ವರ್ಬಲ್‌ನಲ್ಲಿ, ಅಂದರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ, ಎರಡು ಸೆಕ್ಷನ್ ಸೇರಿ 27 ಪ್ರಶ್ನೆ, 41 ನಿಮಿಷ. ಲೆಕ್ಕದ ಭಾಗವಾದ ಕ್ವಾಂಟ್‌ನಲ್ಲೂ 27 ಪ್ರಶ್ನೆ, 47 ನಿಮಿಷ. ಬರವಣಿಗೆಯಲ್ಲಿ ಮೊದಲು ಎರಡು ಪ್ರಬಂಧಗಳಿದ್ದವು. ಇನ್ನೊಬ್ಬರ ವಾದವನ್ನು ವಿಮರ್ಶಿಸುವ 'ಆರ್ಗ್ಯುಮೆಂಟ್' ಹೋಯಿತು, ಕೊಟ್ಟ ವಿಷಯದ ಮೇಲೆ ನಿಮ್ಮ ನಿಲುವು ಬರೆಯುವ 30 ನಿಮಿಷದ 'ಇಶ್ಯೂ' ಒಂದೇ ಉಳಿಯಿತು. ಜಿಮ್ಯಾಟ್‌ನ ಹೊಸ ರೂಪ 2023ರ ನವೆಂಬರ್‌ನಲ್ಲಿ ಬಂತು. ತಲಾ 45 ನಿಮಿಷದ ಮೂರು ಸೆಕ್ಷನ್, ಒಟ್ಟು 64 ಪ್ರಶ್ನೆ, ಸ್ಕೋರ್ 205ರಿಂದ 805ರವರೆಗೆ. ವಾಕ್ಯದ ತಪ್ಪು ತಿದ್ದುವ ಪ್ರಶ್ನೆಗಳು, ಪ್ರಬಂಧ, ಕ್ವಾಂಟ್‌ನೊಳಗಿನ ರೇಖಾಗಣಿತ ಮೂರೂ ಹೋದವು. ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ ಡೇಟಾ ಸಫಿಶಿಯೆನ್ಸಿ ಪ್ರಶ್ನೆಗಳು ಡೇಟಾ ಇನ್‌ಸೈಟ್ಸ್ ಎಂಬ ಹೊಸ ಸೆಕ್ಷನ್‌ಗೆ ಸೇರಿದವು. ಕಾನೂನು ಓದಲು ಬಯಸುವವರ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್ ಎಂಬ ತರ್ಕದ ಒಗಟುಗಳು 2024ರ ಆಗಸ್ಟ್‌ನಿಂದ ಇಲ್ಲ. ಅದಕ್ಕೆಂದೇ ಬರೆದ ದಪ್ಪ ಪುಸ್ತಕಗಳು ಈಗಲೂ ಕೈಯಿಂದ ಕೈಗೆ ದಾಟುತ್ತಿವೆ, ಎಚ್ಚರ.

ಅಧಿಕೃತ ಗೈಡ್

ಇಟಿಎಸ್‌ನದಾಗಲಿ, ಜಿಮ್ಯಾಕ್‌ನದಾಗಲಿ, ಅಧಿಕೃತ ಪುಸ್ತಕದ ಬೆಲೆ ಇರುವುದು ಅದರ ಪ್ರಶ್ನೆಗಳಲ್ಲಿ. ಪರೀಕ್ಷೆ ಬರೆಯುವವರಿಗೆ ಕೊಟ್ಟು ನೋಡಿ, ಗೊಂದಲವಿದ್ದದ್ದನ್ನು ಜರಡಿ ಹಿಡಿದು ಉಳಿಸಿಕೊಂಡ ಪ್ರಶ್ನೆಗಳು ಅವು. ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಿಆರ್‌ಇಯ ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ ಒಂದು ಖಾಲಿ ಜಾಗ, ಆರು ಪದ, ಎರಡನ್ನು ಆರಿಸಬೇಕು. ಎರಡೂ ಸರಿಯಿದ್ದರೆ ಮಾತ್ರ ಅಂಕ. ಸಮಾನಾರ್ಥಕ ಜೋಡಿ ಹುಡುಕಿದರಾಯಿತು ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆದರೆ ಆ ಆರರಲ್ಲಿ ವಾಕ್ಯಕ್ಕೆ ಹೊಂದದ ಇನ್ನೊಂದು ಸಮಾನಾರ್ಥಕ ಜೋಡಿ ಕಾದು ಕೂತಿರಬಹುದು. ವಾಕ್ಯ ಓದದೆ ಪದ ನೋಡಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಹೊರಗಿನ ಪುಸ್ತಕಗಳಲ್ಲಿ ಈ ಬಲೆ ಇಷ್ಟು ನವಿರಾಗಿ ಸಿಗುವುದು ಕಡಿಮೆ.

ಲೆಕ್ಕದಲ್ಲೂ ಹಾಗೇ. ಸೊನ್ನೆಗಿಂತ ದೊಡ್ಡದಾದ ಒಂದು ಸಂಖ್ಯೆ ಇದೆ, ಅದರ ವರ್ಗ ದೊಡ್ಡದೋ ಘನ ದೊಡ್ಡದೋ ಎಂದು ಕೇಳಿದರೆ ಕೈ ತಾನಾಗಿ ಘನದ ಕಡೆ ಹೋಗುತ್ತದೆ. ಎರಡು ಎಂದು ಹಿಡಿದರೆ ವರ್ಗ 4, ಘನ 8, ಸರಿ. ಅರ್ಧ ಎಂದು ಹಿಡಿದು ನೋಡಿ: ವರ್ಗ ನಾಲ್ಕರಲ್ಲೊಂದು, ಘನ ಎಂಟರಲ್ಲೊಂದು. ಒಂದು ಎಂದು ಹಿಡಿದರೆ ಎರಡೂ ಸಮ. ಹಾಗಾಗಿ ಉತ್ತರ 'ಹೇಳಲು ಬಾರದು'. ಇಲ್ಲಿ ಲೆಕ್ಕ ಏನೂ ಇಲ್ಲ, ಭಿನ್ನರಾಶಿಯ ನೆನಪಾಗಬೇಕು ಅಷ್ಟೆ. ಪರೀಕ್ಷೆಯ ಮನಸ್ಸು ಇಂಥದ್ದು. ಇದನ್ನು ಹಿಡಿಯಲು ಅಧಿಕೃತ ಪ್ರಶ್ನೆಗಳಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕೊರತೆ ಎರಡು. ಬೀಜಗಣಿತ ಮರೆತವನಿಗೆ ಅದರ ವಿವರಣೆಯಿಂದ ಬೀಜಗಣಿತ ಬಾರದು. ಮತ್ತೆ, ಪ್ರಶ್ನೆಗಳ ಸಂಖ್ಯೆ ಸೀಮಿತ. ಒಮ್ಮೆ ಮುಗಿದರೆ ಹೊಸದು ಸಿಗುವುದಿಲ್ಲ. ಹಬ್ಬಕ್ಕೆಂದು ಎತ್ತಿಟ್ಟ ತುಪ್ಪದ ಹಾಗೆ ಅಳೆದು ಬಳಸಬೇಕು.

ಕೋಚಿಂಗ್ ಕಂಪನಿಗಳ ಗೈಡ್‌ಗಳು

ಕಾಪ್ಲಾನ್, ಪ್ರಿನ್ಸ್‌ಟನ್ ರಿವ್ಯೂ, ಮ್ಯಾನ್‌ಹಟನ್ ಪ್ರೆಪ್ ಮುಂತಾದವರು ಹೊರತರುವ ಪುಸ್ತಕಗಳಲ್ಲಿ ಎರಡು ಜಾತಿ ಇವೆ. ಎಲ್ಲವನ್ನೂ ಒಂದರಲ್ಲೇ ತುಂಬಿದ ದಪ್ಪ ಗೈಡ್ ಒಂದು. ಒಂದೊಂದು ವಿಷಯಕ್ಕೆ ಒಂದೊಂದು ಪುಸ್ತಕ, ಇಲ್ಲವೇ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಅಭ್ಯಾಸ ಗ್ರಂಥ ಇನ್ನೊಂದು.

ಶಾಲೆ ಬಿಟ್ಟು ವರ್ಷಗಳಾಗಿ, ಶೇಕಡಾ, ಅನುಪಾತ, ಘಾತಾಂಕ ಎಲ್ಲ ಮಸುಕಾಗಿದ್ದರೆ ದಪ್ಪ ಗೈಡ್ ನಿಜಕ್ಕೂ ಆಸರೆ. ಮೊದಲಿನಿಂದ ಕೈಹಿಡಿದು ಕರೆದೊಯ್ಯುತ್ತದೆ, ಒಂದು ಕ್ರಮ ಕೊಡುತ್ತದೆ. ಆದರೆ ಅದು ಎಲ್ಲರಿಗೂ ಎಂದು ಬರೆದದ್ದು. ಲೆಕ್ಕದಲ್ಲಿ ಪಳಗಿದವರು ಅದರ ಅರ್ಧ ಪುಟಗಳನ್ನು ಸುಮ್ಮನೆ ದಾಟಬೇಕಾಗುತ್ತದೆ, ದಾಟಲು ಮನಸ್ಸು ಬಾರದೆ ಓದುತ್ತಾ ಕೂತರೆ ವಾರಗಳು ಜಾರುತ್ತವೆ. ಇನ್ನು 'ಈ ಪದ ಕಂಡರೆ ಈ ಉತ್ತರ' ಎಂಬಂಥ ಉಪಾಯಗಳು ಕೆಲವದರಲ್ಲಿ ತುಂಬಿರುತ್ತವೆ. ಸುಲಭ ಪ್ರಶ್ನೆಗಳಲ್ಲಿ ಅವು ಕೈಹಿಡಿಯುತ್ತವೆ, ಕಷ್ಟದ ಪ್ರಶ್ನೆಗಳಲ್ಲಿ ಕೈಬಿಡುತ್ತವೆ. ಜಿಆರ್‌ಇಯಲ್ಲಿ ಮೊದಲ ಸೆಕ್ಷನ್ ಚೆನ್ನಾಗಿ ಬರೆದವರಿಗೆ ಎರಡನೆಯದು ಕಷ್ಟದ್ದೇ ಬರುತ್ತದೆ ಎಂಬುದನ್ನು ಮರೆಯಬೇಡಿ.

ವಿಷಯಕ್ಕೊಂದು ಪುಸ್ತಕ ನನಗೆ ಹೆಚ್ಚು ಇಷ್ಟ. ನಿಮ್ಮ ಮೊದಲ ಪರೀಕ್ಷೆಯಲ್ಲಿ ತಪ್ಪುಗಳೆಲ್ಲ ಸಂಖ್ಯಾಗುಣ ಮತ್ತು ಸಂಭಾವ್ಯತೆಯ ಸುತ್ತಲೇ ಬಿದ್ದಿದ್ದರೆ ಅದಕ್ಕೆ ಸರಿಯಾದ ಒಂದನ್ನು ಕೊಂಡರೆ ಸಾಕು. ಅಭ್ಯಾಸ ಗ್ರಂಥದ ಮಾತು ಬೇರೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸುವೆನೆಂದು ಹೊರಟವರಲ್ಲಿ ಮುಗಿಸಿದವರನ್ನು ನಾನು ಹೆಚ್ಚು ಕಂಡಿಲ್ಲ. ಕಪಾಟಿನಲ್ಲಿಟ್ಟ ನಿಘಂಟಿನಂತೆ, ಬೇಕಾದ ಅಧ್ಯಾಯವನ್ನು ಮಾತ್ರ ತೆಗೆದು ಬಳಸುವುದಾದರೆ ಉಪಯುಕ್ತ.

ಈ ಪುಸ್ತಕಗಳ ಮಾಕ್ ಟೆಸ್ಟ್ ಸ್ಕೋರನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಚ್ಚಾದ ಹಾಳೆ ನಿಮ್ಮ ಮೊದಲ ಸೆಕ್ಷನ್ ನೋಡಿ ಎರಡನೆಯದನ್ನು ಬದಲಿಸಲಾರದು. ಸಮಯದ ಒತ್ತಡಕ್ಕೆ ಒಗ್ಗಿಕೊಳ್ಳಲು ಅವು ಸಾಕು.

ಪದಪಟ್ಟಿಗಳು

ಇಂಗ್ಲಿಷ್ ಮನೆಮಾತಲ್ಲದವರು ಜಿಆರ್‌ಇ ಎಂದೊಡನೆ ಮೊದಲು ಹುಡುಕುವುದು ಇದನ್ನೇ. ಮುನ್ನೂರು ಪದಗಳ ಪಟ್ಟಿ, ಸಾವಿರದ್ದು, ಮೂರು ಸಾವಿರದ್ದು. ದೊಡ್ಡದು ಒಳ್ಳೆಯದು ಎಂದೆನಿಸುವುದು ಸಹಜ. ಆದರೆ 2011ಕ್ಕೆ ಮುಂಚೆ ಜಿಆರ್‌ಇಯಲ್ಲಿ ವಿರುದ್ಧ ಪದ, ಪದಸಂಬಂಧಗಳನ್ನು ನೇರವಾಗಿ ಕೇಳುತ್ತಿದ್ದರು, ಆಗ ಬಾಯಿಪಾಠಕ್ಕೆ ಬೆಲೆಯಿತ್ತು. ಆ ವರ್ಷದ ಆಗಸ್ಟ್‌ನಿಂದ ಅವೆರಡೂ ಇಲ್ಲ. ಈಗ ಪದ ಬರುವುದು ವಾಕ್ಯದೊಳಗೆ.

ವಾಕ್ಯದೊಳಗೆ ತೊಡಕು ಕೊಡುವುದು ಹೊಸ ಪದಗಳಿಗಿಂತ ಪರಿಚಯದ ಪದಗಳೇ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದು ಎಂದು ನಮಗೆಲ್ಲ ಗೊತ್ತು. ವಿದ್ವತ್ ಬರವಣಿಗೆಯಲ್ಲಿ ಅದು ಹೇಳಿದ ಮಾತಿಗೆ ಮಿತಿ ಹಾಕುವುದು. 'ಚೆಕ್' ಎಂದರೆ ತಡೆಯುವುದೂ ಹೌದು. 'ಸ್ಯಾಂಕ್ಷನ್' ಅಂತೂ ಅನುಮತಿಯೂ ಹೌದು, ದಂಡನೆಯೂ ಹೌದು. ಅಕ್ಕಪಕ್ಕದ ಮಾತು ನೋಡದೆ ಯಾವುದೆಂದು ಹೇಳಲಾಗದು. ಆದ್ದರಿಂದ ಪಟ್ಟಿ ಕೊಳ್ಳುವಾಗ ಪ್ರತಿ ಪದಕ್ಕೂ ಪೂರ್ತಿ ವಾಕ್ಯ ಕೊಟ್ಟಿದ್ದಾರೆಯೇ, ಎರಡನೆಯ ಅರ್ಥ ಹೇಳಿದ್ದಾರೆಯೇ ಎಂದು ನೋಡಿ. ಎಂಟುನೂರರಿಂದ ಒಂದು ಸಾವಿರ ಪದಗಳ ಅಂಥ ಒಂದು ಪಟ್ಟಿಯನ್ನು ಚೆನ್ನಾಗಿ ಮಾಡಿ. ಜಿಮ್ಯಾಟ್ ಬರೆಯುವವರಿಗೆ ಈ ಖರ್ಚೇ ಬೇಡ, ಅಲ್ಲಿ ಪದಸಂಪತ್ತನ್ನು ಬಿಡಿಯಾಗಿ ಪರೀಕ್ಷಿಸುವ ಪ್ರಶ್ನೆಗಳಿಲ್ಲ.

ಆನ್‌ಲೈನ್ ಕೋರ್ಸ್‌ಗಳು

ಪುಸ್ತಕಕ್ಕಿಂತ ಇವು ಮೇಲಾಗಿರುವುದು ಎರಡು ಕಡೆ. ಪರದೆಯ ಮೇಲೇ ಅಭ್ಯಾಸ, ಮತ್ತು ಎಲ್ಲಿ ತಪ್ಪುತ್ತಿದ್ದೀರಿ, ಯಾವ ಬಗೆಯ ಪ್ರಶ್ನೆಗೆ ಎಷ್ಟು ಸೆಕೆಂಡ್ ಹಿಡಿಯುತ್ತಿದೆ ಎಂಬ ಲೆಕ್ಕವನ್ನು ತಾನೇ ಇಡುವುದು. ಕೆಲಸಕ್ಕೆ ಹೋಗುತ್ತಾ ದಿನಕ್ಕೆ ಒಂದೇ ಗಂಟೆ ಸಿಗುವವರಿಗೆ ಆ ಒಂದು ಗಂಟೆಯಲ್ಲಿ ಏನು ಮಾಡಬೇಕೆಂಬ ತಲೆಬಿಸಿ ತಪ್ಪುತ್ತದೆ. ಅದು ಸಣ್ಣ ಉಪಕಾರವಲ್ಲ.

ಚಂದಾ ಮಾತ್ರ ದಿನಗಳ ಲೆಕ್ಕದಲ್ಲಿ ಓಡುತ್ತದೆ. ಮುಂದಿನ ವಾರದಿಂದ ಓದುತ್ತೇನೆ ಎಂದು ಇವತ್ತೇ ಕಟ್ಟಬೇಡಿ. ಉಚಿತ ಅವಧಿಯಿದ್ದರೆ ಅದರಲ್ಲಿ ನಿಮಗೆ ಅತಿ ಕಷ್ಟವಾದ ಪಾಠವನ್ನೇ ತೆರೆದು ನೋಡಿ, ಸುಲಭದ ಪಾಠವನ್ನು ಯಾರು ಬೇಕಾದರೂ ಚೆನ್ನಾಗಿ ಹೇಳುತ್ತಾರೆ. ವೀಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಪೆನ್ನು ಹಿಡಿದು ಕೂತಾಗಲೇ ಗೊತ್ತಾಗುವುದು.

ಹಳೆಯ ಪುಸ್ತಕ, ಉಚಿತ ಸಾಮಗ್ರಿ

ಕೈಯಲ್ಲಿ ದುಡ್ಡಿಲ್ಲ ಎಂದು ಹಿಂಜರಿಯುವವರಿಗೆ ಸಮಾಧಾನದ ಮಾತೊಂದಿದೆ. ಜಿಆರ್‌ಇ ವರ್ಬಲ್ ಮತ್ತು ಕ್ವಾಂಟ್‌ನ ಪ್ರಶ್ನೆಗಳ ಬಗೆ 2011ರಿಂದ ಬದಲಾಗಿಲ್ಲ. 2012ರ ನಂತರದ ಹಳೆಯ ಅಧಿಕೃತ ಗೈಡ್ ಸಿಕ್ಕರೂ ಪ್ರಶ್ನೆಗಳು ಇವತ್ತಿಗೂ ಸಾಚಾ. ಆರ್ಗ್ಯುಮೆಂಟ್ ಪ್ರಬಂಧದ ಭಾಗ ಬಿಟ್ಟುಬಿಡಿ. ಹಳೆಯ ಸೆಕ್ಷನ್‌ಗಳಲ್ಲಿ 20 ಪ್ರಶ್ನೆಗೆ ವರ್ಬಲ್ 30 ನಿಮಿಷ, ಕ್ವಾಂಟ್ 35 ನಿಮಿಷ ಇತ್ತು, ವೇಗ ಈಗಲೂ ಹೆಚ್ಚುಕಡಿಮೆ ಅದೇ: ವರ್ಬಲ್‌ಗೆ ಪ್ರಶ್ನೆಗೆ ಒಂದೂವರೆ ನಿಮಿಷ, ಕ್ವಾಂಟ್‌ಗೆ ಒಂದೂ ಮುಕ್ಕಾಲು ನಿಮಿಷದ ಹತ್ತಿರ. ಹಳೆಯ ಜಿಮ್ಯಾಟ್ ಗೈಡ್‌ನಲ್ಲೂ ವಾದವನ್ನು ತೂಗಿ ನೋಡುವ ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಗಳು, ಗದ್ಯಭಾಗಗಳು ಬಳಕೆಗೆ ಬರುತ್ತವೆ.

ಇಟಿಎಸ್ ತನ್ನ ತಾಣದಲ್ಲಿ ಗಣಿತದ ಪುನರಾವಲೋಕನ ಪುಸ್ತಿಕೆಯನ್ನೂ ಇಶ್ಯೂ ಪ್ರಬಂಧದ ವಿಷಯಗಳ ಪೂರ್ತಿ ಪಟ್ಟಿಯನ್ನೂ ಉಚಿತವಾಗಿ ಇಟ್ಟಿದೆ. ಪರೀಕ್ಷೆಯಲ್ಲಿ ಬರುವ ವಿಷಯ ಆ ಪಟ್ಟಿಯದ್ದೇ. ಇದು ತಿಳಿಯದೆ ಪ್ರಬಂಧದ ಪುಸ್ತಕ ಕೊಂಡವರಿದ್ದಾರೆ. ಲೆಕ್ಕದ ಅಡಿಪಾಯಕ್ಕೆ ಖಾನ್ ಅಕಾಡೆಮಿಯ ಪಾಠಗಳಿವೆ.

'ನಿಜ ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳು' ಎಂದು ಹರಿದಾಡುವ ಕಡತಗಳ ತಂಟೆಗೆ ಹೋಗಬೇಡಿ. ಉತ್ತರಸೂಚಿಯೇ ಎಷ್ಟೋ ಸಲ ತಪ್ಪು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: 2008ರಲ್ಲಿ ಜಿಮ್ಯಾಕ್ ಇಂಥ ಪ್ರಶ್ನೆ ಹಂಚುತ್ತಿದ್ದ ತಾಣವೊಂದರ ವಿರುದ್ಧ ಕೋರ್ಟಿನಲ್ಲಿ ಗೆದ್ದು, ಅದನ್ನು ಬಳಸಿದ್ದ ಕೆಲವರ ಸ್ಕೋರ್‌ಗಳನ್ನು ರದ್ದುಪಡಿಸಿತು.

ಕೊಂಡ ಮೇಲೆ

ಇನ್ನು ಓದುವ ಕ್ರಮ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಂದ ಅದನ್ನೇ ಮತ್ತೆ ಓದಿಸಿದರು, ಉಳಿದವರಿಗೆ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಮುಂದಿದ್ದರು. ಗೈಡ್‌ನಲ್ಲಿ ಬಣ್ಣದ ಗೆರೆ ಎಳೆಯುತ್ತಾ ಎರಡು ಬಾರಿ ಓದಿ, ಚೆನ್ನಾಗಿ ಬಂತು ಎಂದುಕೊಳ್ಳುವುದು ಆ ಐದು ನಿಮಿಷದ ತೃಪ್ತಿ. ಅಧ್ಯಾಯವನ್ನು ಒಮ್ಮೆ ಓದಿ, ಮುಚ್ಚಿ, ಲೆಕ್ಕಕ್ಕೆ ಕೂರಿ. ಮೂರು ದಿನ ಬಿಟ್ಟು ಅದೇ ವಿಷಯದ ನಾಲ್ಕು ಪ್ರಶ್ನೆಗಳನ್ನು ಬೇರೆ ವಿಷಯಗಳ ಜೊತೆ ಕಲಸಿ ಮತ್ತೆ ಮಾಡಿ.

ತಪ್ಪಿನ ಪುಸ್ತಕ ಒಂದಿರಲಿ. ಸರಿ ಉತ್ತರ ಬರೆದಿಟ್ಟರೆ ಸಾಲದು, ನಾನೇಕೆ ತಪ್ಪಿದೆ ಎಂಬುದನ್ನು ಒಂದು ಸಾಲಿನಲ್ಲಿ ನಿಮ್ಮ ಮಾತಲ್ಲೇ, ಕನ್ನಡದಲ್ಲೇ ಬರೆಯಿರಿ. 'ಸೂತ್ರ ಗೊತ್ತಿರಲಿಲ್ಲ', 'ಋಣ ಸಂಖ್ಯೆ ಇರಬಹುದೆಂದು ಯೋಚಿಸಲಿಲ್ಲ', 'ಪ್ರಶ್ನೆಯಲ್ಲಿದ್ದ "ಹೊರತು" ಎಂಬುದನ್ನು ಬಿಟ್ಟು ಓದಿದೆ', 'ಎರಡು ನಿಮಿಷ ಮೀರಿತು, ಗಾಬರಿಯಲ್ಲಿ ಒತ್ತಿದೆ'. ಐವತ್ತು ತಪ್ಪುಗಳಾದ ಮೇಲೆ ಒಮ್ಮೆ ಓದಿ ನೋಡಿ, ಮುಂದೆ ಯಾವ ಪುಸ್ತಕ ಬೇಕು, ಬೇಕೇ ಬೇಡವೇ ಎಂದು ಅದೇ ಹೇಳುತ್ತದೆ. ಗೊತ್ತಿಲ್ಲದೆ ತಪ್ಪಿದ್ದು ಹೆಚ್ಚಿದ್ದರೆ ಕಲಿಸುವ ಪುಸ್ತಕ ಬೇಕು. ಗೊತ್ತಿದ್ದೂ ತಪ್ಪಿದ್ದು ಹೆಚ್ಚಿದ್ದರೆ ಇನ್ನೊಂದು ಗೈಡ್‌ನಿಂದ ಪ್ರಯೋಜನವಿಲ್ಲ, ಅಧಿಕೃತ ಪ್ರಶ್ನೆಗಳನ್ನು ನಿಧಾನವಾಗಿ ಮಾಡಬೇಕು. ಜಿಆರ್‌ಇಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಅಭ್ಯಾಸದಲ್ಲೂ ಒಂದನ್ನೂ ಖಾಲಿ ಬಿಡಬೇಡಿ, ಊಹಿಸಿದ್ದಕ್ಕೆ ಒಂದು ಗುರುತು ಹಾಕಿ.

ಯಾರಿಗೆ ಯಾವುದು

ಮೂರು ತಿಂಗಳಿದೆ, ಲೆಕ್ಕ ಮರೆತಿದೆ ಎನ್ನುವವರು ಉಚಿತ ಗಣಿತ ಪುಸ್ತಿಕೆಯಿಂದ ಆರಂಭಿಸಿ, ಸಾಲದೆನಿಸಿದರೆ ಒಂದು ದಪ್ಪ ಗೈಡ್ ಕೊಳ್ಳಿ. ಮೊದಲ ಆರು ವಾರ ಅದರಲ್ಲಿ, ಉಳಿದ ಆರು ವಾರ ಅಧಿಕೃತ ಗೈಡ್‌ನಲ್ಲಿ. ನಾಲ್ಕೇ ವಾರ ಉಳಿದಿದೆ, ಲೆಕ್ಕ ಗಟ್ಟಿಯಿದೆ, ವರ್ಬಲ್ ಕೈಕೊಡುತ್ತಿದೆ ಎನ್ನುವವರಿಗೆ ದಪ್ಪ ಗೈಡ್ ಬೇಡವೇ ಬೇಡ. ಅಧಿಕೃತ ವರ್ಬಲ್ ಪ್ರಶ್ನೆಗಳು, ಚಿಕ್ಕ ಪದಪಟ್ಟಿ ಒಂದು, ದಿನಕ್ಕೊಂದು ಗಂಭೀರ ಇಂಗ್ಲಿಷ್ ಲೇಖನದ ಓದು, ಅಷ್ಟೇ. ಕೆಲಸದ ನಡುವೆ ಓದುವವರು, ಕೈಯಲ್ಲಿ ಸ್ವಲ್ಪ ಹಣವಿದ್ದರೆ, ಆನ್‌ಲೈನ್ ಕೋರ್ಸ್ ಜೊತೆಗೆ ಅಧಿಕೃತ ಗೈಡ್ ಇಟ್ಟುಕೊಳ್ಳಿ. ಹಣವೇ ಇಲ್ಲದವರು ಉಚಿತ ಪರೀಕ್ಷೆಗಳು, ಗ್ರಂಥಾಲಯದ ಹಳೆಯ ಅಧಿಕೃತ ಗೈಡ್ ಮತ್ತು ತಪ್ಪಿನ ಪುಸ್ತಕದೊಂದಿಗೆ ಬಹುದೂರ ಹೋಗಬಹುದು. ಇದನ್ನು ಧೈರ್ಯ ತುಂಬಲೆಂದು ಹೇಳುತ್ತಿಲ್ಲ, ಹಾಗೆ ಹೋದವರನ್ನು ಕಂಡಿದ್ದೇನೆ.

ಒಮ್ಮೆ ಬರೆದು ಸ್ಕೋರ್ ಸಾಲದೆ ಮತ್ತೆ ಬರೆಯುವವರ ಮಾತು ಸ್ವಲ್ಪ ಬೇರೆ. ಜಿಆರ್‌ಇಯನ್ನು 21 ದಿನದ ನಂತರ ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಬಾರಿಯವರೆಗೆ. ಆ ಮೂರು ವಾರಕ್ಕೆಂದು ಹೊಸ ಪುಸ್ತಕಗಳ ಕಟ್ಟು ತರುವವರೇ ಹೆಚ್ಚು. ನನ್ನ ಸಲಹೆ ಹಳೆಯ ಪುಸ್ತಕಕ್ಕೇ ಮರಳಿ, ನೀವು ತಪ್ಪಿದ ಪ್ರಶ್ನೆಗಳನ್ನು ಮಾತ್ರ ಮತ್ತೆ ಮಾಡಿ ಎಂದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ತಪ್ಪಾದರೆ 21 ದಿನಕ್ಕೆ ಅವಸರಪಡಬೇಡಿ, ದಿನಾಂಕ ಮುಂದೆ ಹಾಕಿ. ಸ್ಕೋರ್ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅರ್ಜಿಯ ಗಡುವು ಬಿಡುವು ಕೊಡುವುದಾದರೆ ಒಂದೆರಡು ತಿಂಗಳು ತಡವಾದರೂ ನಷ್ಟವಿಲ್ಲ.

ಮೊದಲ ದಿನ ಬರೆಯದೆ ಎತ್ತಿಟ್ಟ ಆ ಇನ್ನೊಂದು ಅಧಿಕೃತ ಅಭ್ಯಾಸ ಪರೀಕ್ಷೆಯನ್ನು ಪರೀಕ್ಷೆಗೆ ಹತ್ತು ದಿನ ಮುಂಚೆ ತೆರೆಯಿರಿ. ನಿಮ್ಮ ಪರೀಕ್ಷೆ ಬೆಳಿಗ್ಗೆಯಿದ್ದರೆ ಬೆಳಿಗ್ಗೆಯೇ, ಫೋನ್ ಬೇರೆ ಕೋಣೆಯಲ್ಲಿಟ್ಟು, ಪ್ರಬಂಧವನ್ನೂ ಬಿಡದೆ ಬರೆಯಿರಿ. ಹತ್ತು ದಿನವೆಂದರೆ ಅದರಲ್ಲಿ ಬಂದ ತಪ್ಪುಗಳನ್ನು ತಿದ್ದಿಕೊಳ್ಳುವಷ್ಟು ಹೊತ್ತು ಸಿಗುತ್ತದೆ, ಹೊಸ ಪುಸ್ತಕ ಕೊಳ್ಳುವಷ್ಟು ಸಿಗುವುದಿಲ್ಲ.